ಪ್ರಜೆಯ ಹೆಸರಿಗೆ ಲೆಕ್ಕವುಂಟು, ಬಂದೂಕಿಗೆ?

ಥಾರ್ನ್‌ಕ್ಲಿಫ್ ಪಾರ್ಕಿನ ಬಹುಮಹಡಿ ಕಟ್ಟಡಗಳಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ‘ಕಾರ್ಡಿಂಗ್’ ಎಂದರೇನೆಂದು ವಿವರಿಸಬೇಕಿಲ್ಲ. ಅಪರಾಧದ ಶಂಕೆಯೇ ಇಲ್ಲದ ಯುವಕರನ್ನು, ಅದರಲ್ಲೂ ಕಪ್ಪು ಮತ್ತು ಕಂದು ಬಣ್ಣದವರನ್ನು, ಟೊರಾಂಟೊ ಪೊಲೀಸರು ಬೀದಿಯಲ್ಲಿ ತಡೆದು ಹೆಸರು, ವಿಳಾಸ ಬರೆದುಕೊಳ್ಳುತ್ತಿದ್ದ ಪದ್ಧತಿಯದು. ಒಂಟಾರಿಯೊದ ನಿಯಮ ಅದಕ್ಕೆ ಕಡಿವಾಣ ಹಾಕಿದ್ದು 2017ರಲ್ಲಿ.

ಪ್ರಜೆಗಳನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸುವ ಪೊಲೀಸ್ ವ್ಯವಸ್ಥೆಗಳು ತಮ್ಮ ಬಂದೂಕುಗಳ ಲೆಕ್ಕವನ್ನು ಹೇಗಿಡುತ್ತವೆ? ಕಾಸರಗೋಡಿನ ಕನ್ನಡಿಗರನ್ನೂ ಕಾಯುವ ಕೇರಳ ಪೊಲೀಸರ ಉದಾಹರಣೆ ನೋಡಬೇಕು. 2020ರ ಫೆಬ್ರವರಿಯಲ್ಲಿ ವಿಧಾನಸಭೆಯಲ್ಲಿ ಮಂಡನೆಯಾದ ಸಿಎಜಿ ವರದಿಯ ಪ್ರಕಾರ, ತಿರುವನಂತಪುರದ ವಿಶೇಷ ಸಶಸ್ತ್ರ ಪೊಲೀಸ್ ಪಡೆಯಲ್ಲಿ 25 ಇನ್ಸಾಸ್ ರೈಫಲ್‌ಗಳೂ 12,061 ಗುಂಡುಗಳೂ ಕಾಣೆಯಾಗಿದ್ದವು. ಕೊರತೆಯನ್ನು ಮುಚ್ಚಲು ನಕಲಿ ಗುಂಡುಗಳನ್ನಿಡಲಾಗಿತ್ತು. ಬಳಿಕ ಕ್ರೈಂ ಬ್ರಾಂಚ್ ತಾನೇ ಎಣಿಸಿ, ರೈಫಲ್‌ಗಳೆಲ್ಲ ಇವೆ ಎಂದಿತು.

ಅಧಿಕಾರದಲ್ಲಿದ್ದುದು ಎಡರಂಗವೆಂಬ ಕಾರಣಕ್ಕೆ ಪ್ರಗತಿಪರರು ಮಾತನ್ನು ಅಲ್ಲಿಗೇ ಮುಗಿಸುವುದು ಆತ್ಮವಂಚನೆ. ಲೆಕ್ಕಪರಿಶೋಧಕರು ಕೇಳಿದಾಗ ತೋರಿಸಲಾಗದ ರೈಫಲ್ ಇದ್ದೂ ಇಲ್ಲದ್ದಕ್ಕೆ ಸಮ. ಮೇಲಾಗಿ, ನಕಲಿ ಗುಂಡು ತಾನಾಗಿ ಪೆಟ್ಟಿಗೆಯೊಳಗೆ ಬಂದು ಕೂರುವುದಿಲ್ಲ. ಯಾವುದೋ ಕೈ ಇಟ್ಟಿರಲೇಬೇಕು.

ಪೊಲೀಸರನ್ನು ಪೊಲೀಸರೇ ತನಿಖೆ ಮಾಡಬಾರದೆಂಬ ತತ್ತ್ವದ ಮೇಲೆ ಒಂಟಾರಿಯೊದಲ್ಲಿ 1990ರಲ್ಲಿ ಎಸ್‌ಐಯು ಎಂಬ ನಾಗರಿಕ ತನಿಖಾ ಸಂಸ್ಥೆ ಹುಟ್ಟಿತು. ಅದೇ ತತ್ತ್ವ ಶಸ್ತ್ರಾಗಾರದ ದಾಸ್ತಾನು ಪುಸ್ತಕಕ್ಕೂ ಅನ್ವಯವಾಗಬೇಕು. ಯಾವ ಸಂಖ್ಯೆಯ ಬಂದೂಕು ಯಾರ ಕೈಯಲ್ಲಿದೆ ಎಂಬುದನ್ನು ಇಲಾಖೆಯ ಹೊರಗಿನವರು ಪ್ರತಿವರ್ಷ ಪರಿಶೀಲಿಸಬೇಕು. ಫಲಿತಾಂಶವನ್ನು ಶಾಸನಸಭೆಯ ಮುಂದಿಡಬೇಕು. ಟೊರಾಂಟೊದ ಪೊಲೀಸರಿಗೆ ಹಾಕುವ ಪ್ರಶ್ನೆಯನ್ನು ತಿರುವನಂತಪುರಕ್ಕೂ ಬೆಂಗಳೂರಿಗೂ ಹಾಕಲಾಗದವರ ಪ್ರಗತಿಪರತೆಗೆ ಬೆಲೆಯಿಲ್ಲ.