ಕಷಾಯ ಕುಡಿದರೆ ನೆಗಡಿ ಬರುವುದೇ ಇಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕಡೆ ಡಿಸೆಂಬರ್ ಬಂತೆಂದರೆ ಅವರೆಕಾಯಿಯೂ ಬರುತ್ತದೆ, ನೆಗಡಿಯೂ ಬರುತ್ತದೆ. ಅವುಗಳ ಹಿಂದೆಯೇ ವಾಟ್ಸಾಪ್ ಸಂದೇಶಗಳು: ಅರಿಶಿನ, ಮೆಣಸು, ಶುಂಠಿ, ತುಳಸಿ ಹಾಕಿದ ಕಷಾಯ ಕುಡಿಯಿರಿ, ರೋಗನಿರೋಧಕ ಶಕ್ತಿ ದುಪ್ಪಟ್ಟಾಗುತ್ತದೆ, ಶೀತ ಹತ್ತಿರ ಸುಳಿಯುವುದಿಲ್ಲ ಎಂದು. ಇದರಲ್ಲಿ ನಿಜವೆಷ್ಟು? ನೋಡೋಣ.

ಕಷಾಯದಿಂದ ಏನಾಗುತ್ತದೆ?

ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಚಳಿಗೆ ಬಾಗಿಲು, ಕಿಟಕಿ ಮುಚ್ಚಿ ಎಲ್ಲರೂ ಒಟ್ಟಿಗೆ ಕೂರುವುದರಿಂದ ಅವು ಸುಲಭವಾಗಿ ಹರಡುತ್ತವೆ. ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾಗಿ ನಡುವೆ ಏನು ಕುಡಿದಿದ್ದರೂ ಅದರಿಂದಲೇ ವಾಸಿಯಾಯಿತು ಅನ್ನಿಸುವುದು ಸಹಜ.

ಹಾಗಂತ ಕಷಾಯ ವ್ಯರ್ಥವಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಬಿಸಿಬಿಸಿ ಹಣ್ಣಿನ ಪಾನೀಯ ಕುಡಿದವರಿಗೆ ಗಂಟಲು ನೋವು, ಕೆಮ್ಮು, ಸುಸ್ತು ತಗ್ಗಿದಂತೆ ಅನ್ನಿಸಿತು. ಅಳತೆ ಮಾಡಿ ನೋಡಿದಾಗ ಮೂಗಿನ ಉಸಿರಾಟದಲ್ಲಿ ಮಾತ್ರ ಬದಲಾವಣೆ ಇರಲಿಲ್ಲ. ಬಿಸಿ ಪಾನೀಯದಿಂದ ಸಿಗುವ ಹಿತ ನಿಜ, ಅದು ವೈರಸ್ಸಿಗೆ ಮದ್ದಲ್ಲ.

ಅರಿಶಿನ, ಮೆಣಸಿನ ಜೋಡಿ

ಈ ಮಾತಿಗೆ ನಮ್ಮ ಬೆಂಗಳೂರಿನದೇ ಆಧಾರವಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ, ಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ಅರಿಶಿನದ ಕುರ್ಕುಮಿನ್ ದೇಹಕ್ಕೆ ಸುಮಾರು 20 ಪಟ್ಟು ಹೆಚ್ಚು ಸೇರುತ್ತದೆ ಎಂದು ತೋರಿಸಿದರು. ಆದರೆ ಅವರು ಕೊಟ್ಟದ್ದು 2 ಗ್ರಾಂ ಶುದ್ಧ ಕುರ್ಕುಮಿನ್. ಅರಿಶಿನದ ಪುಡಿಯಲ್ಲಿ ಅದು ಶೇ 3ರ ಆಸುಪಾಸು ಮಾತ್ರ. ಅಷ್ಟು ಸಿಗಬೇಕಾದರೆ 60 ಗ್ರಾಂಗೂ ಹೆಚ್ಚು ಪುಡಿ ನುಂಗಬೇಕು! ಅಲ್ಲದೆ ಅದು ನೆಗಡಿ ತಡೆಯುವ ಕುರಿತ ಅಧ್ಯಯನವೇ ಅಲ್ಲ.

‘ದುಪ್ಪಟ್ಟು’ ಶಕ್ತಿ ಬೇಕೇ?

ಬೇಡ. ರೋಗನಿರೋಧಕ ವ್ಯವಸ್ಥೆ ಅಗತ್ಯಕ್ಕಿಂತ ಹೆಚ್ಚು ಕೆರಳಿದರೆ ಅದೇ ಕಾಯಿಲೆ. ಅಲರ್ಜಿ ಹಾಗೆಯೇ ಬರುವುದು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ್ದ 6 ಮಂದಿಯ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣಗಳು ಅಲ್ಲಿದ್ದವು. ಆಯುಷ್ ಸಚಿವಾಲಯ ಈ ವರದಿಯನ್ನು ಒಪ್ಪಲಿಲ್ಲ. ಆದರೂ ಗಿಡಮೂಲಿಕೆ ಎಷ್ಟು ತಿಂದರೂ ತೊಂದರೆಯಿಲ್ಲ ಎಂಬ ಭಾವನೆ ಸರಿಯಲ್ಲ.

ಶಕ್ತಿ ಇರುವುದು ತಟ್ಟೆಯಲ್ಲಿ

ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಪ್ರೋಟೀನ್‌ನಿಂದಲೇ ಆದವು. ಹಿತಕಿದ ಅವರೆಬೇಳೆ ಸಾರು, ಹುರುಳಿ ಕಟ್ಟಿನ ಸಾರು ಕೊಡುವುದು ಅದನ್ನೇ. ನುಗ್ಗೆಸೊಪ್ಪಿನಲ್ಲಿ ವಿಟಮಿನ್ ಎ ಆಗಿ ಮಾರ್ಪಡುವ ಅಂಶವಿದೆ. ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ವಿಟಮಿನ್ ಸಿ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವರ್ಷವಿಡೀ ವಿಟಮಿನ್ ಸಿ ತೆಗೆದುಕೊಂಡವರಿಗೂ ನೆಗಡಿ ಬರುವುದು ತಪ್ಪಲಿಲ್ಲ. ಆದರೆ ಅದರ ಅವಧಿ ದೊಡ್ಡವರಲ್ಲಿ ಸುಮಾರು ಶೇ 8, ಮಕ್ಕಳಲ್ಲಿ ಶೇ 14 ಕಡಿಮೆಯಾಯಿತು. ನೆಗಡಿ ಬಂದ ಮೇಲೆ ಶುರುಮಾಡಿದವರಲ್ಲಿ ಅಂಥ ಸ್ಪಷ್ಟ ಪ್ರಯೋಜನ ಕಾಣಲಿಲ್ಲ.

ಅಂದರೆ ಮೂರು ದಿನದ ಕಷಾಯಕ್ಕಿಂತ ವರ್ಷವಿಡೀ ಮುದ್ದೆ, ಕಾಳು, ಸೊಪ್ಪು, ಹಣ್ಣು ಇರುವ ಊಟ ಮುಖ್ಯ. ಈ ಊಟಕ್ಕೆ ಹೋಗಬೇಕಾದ ದುಡ್ಡನ್ನು ದುಬಾರಿ ‘ಇಮ್ಯೂನಿಟಿ’ ಪುಡಿಗೆ ಸುರಿಯುವುದೇ ನಿಜವಾದ ನಷ್ಟ.

ಇದನ್ನು ಮರೆಯಬೇಡಿ

• ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.
• ಮಗು ವೇಗವಾಗಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಸೇದಿದರೆ, ಹಾಲು ಕುಡಿಯದೆ ಮಂಕಾಗಿದ್ದರೆ ಅದು ನ್ಯುಮೋನಿಯಾ ಇರಬಹುದು. ಕಷಾಯ ಕೊಟ್ಟು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.
• ಮಕ್ಕಳ ಲಸಿಕೆ ತಪ್ಪಿಸಬೇಡಿ. ಕಷಾಯ ಅದಕ್ಕೆ ಬದಲಿಯಲ್ಲ.

ಅಜ್ಜಿಯ ಮೆಣಸಿನ ಸಾರು, ಶುಂಠಿ ಕಷಾಯ ಗಂಟಲಿಗೆ ಹಿತ. ಖುಷಿಯಾಗಿ ಕುಡಿಯಿರಿ. ಕುಟುಂಬದ ಗ್ರೂಪ್‌ಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಮೇಲಿನ ಈ ಮೂರು ಮಾತುಗಳನ್ನು ಮಾಡಿ.