ಒಂದೇ ಕಟ್‌ನಲ್ಲಿ ಅಮೆರಿಕ!

ನಮ್ಮ ಸಿನಿಮಾ ಹೀರೋ ಅಮೆರಿಕಕ್ಕೆ ಹೋಗೋದು ಹೇಗೆ, ಗೊತ್ತಲ್ಲ? ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ತಾಳೆ, ವಿಮಾನ ಮೇಲೇಳುತ್ತೆ, ಕಟ್! ಸ್ಯಾನ್‌ಫ್ರಾನ್ಸಿಸ್ಕೋದ ಕೆಂಪು ತೂಗುಸೇತುವೆ ಮೇಲೆ ಡ್ಯೂಯೆಟ್ ಶುರು. ಎಡಿಟರನ ಕತ್ತರಿಗೆ ಸಿಕ್ಕಿ ಸತ್ತ ದೂರ ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ ಮಿತ್ರರೇ?

ಬೆಂಗಳೂರಿನಿಂದ ಅಲ್ಲಿಗೆ ಸುಮಾರು 14,000 ಕಿಲೋಮೀಟರ್! 1978ರಲ್ಲಿ ನಮ್ಮ ವಿಷ್ಣು–ದ್ವಾರಕೀಶ್ ಜೋಡಿ ‘ಸಿಂಗಪುರದಲ್ಲಿ ರಾಜಾಕುಳ್ಳ’ ಚಿತ್ರಕ್ಕೆ ಹಾರಿದ ಸಿಂಗಪುರ ಬರೀ 3,200ರ ಹತ್ತಿರ. ಅದರ ನಾಲ್ಕು ಪಟ್ಟಿಗಿಂತ ಹೆಚ್ಚಾಯ್ತು. ಗೋಡೆಯ ಭೂಪಟ ನೋಡಿ ಪೆಸಿಫಿಕ್ ಸಾಗರದ ಮೇಲೆ ಅಡ್ಡಗೆರೆ ಎಳೀಬೇಡಿ. ಭೂಗೋಳಕ್ಕೆ ಒಂದು ದಾರ ಬಿಗಿಹಿಡಿದು ನೋಡಿ. ದಾರ ಟಿಬೆಟ್ ದಾಟಿ, ಸೈಬೀರಿಯಾ ಹತ್ತಿ, ಅಲಾಸ್ಕದ ಮೇಲಿಂದ ಇಳಿಯುತ್ತೆ. ಅದೇ ಅತಿ ಹತ್ತಿರದ ದಾರಿ.

ಆದರೆ ಪೈಲಟ್ ದಾರ ನೋಡಿದರೆ ಸಾಲದು, ಗಾಳಿಯನ್ನೂ ನೋಡಬೇಕು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಭಾರೀ ಗಾಳಿ. ಹೋಗುವಾಗ ಅದು ಬೆನ್ನಿಗೆ ತಳ್ಳಿದರೆ 16 ಗಂಟೆ. ಬರುವಾಗ ಅದೇ ಗಾಳಿ ಎದೆಗೆ ಬಡಿಯುತ್ತೆ, ತಪ್ಪಿಸಿಕೊಳ್ಳಲು ಉತ್ತರಕ್ಕೆ ಹೋಗಬೇಕು. 2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೇ ಹಾದು ಬಂತು. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ನಾಲ್ವರೂ ಹೆಂಗಸರೇ! ವಿಸಿಲ್ ಹೊಡೀಬೇಕಾದ್ದು ಇಂಥದಕ್ಕೆ ಸ್ವಾಮಿ. ಸುಮಾರು 17 ಗಂಟೆ ಹಾರಿ 11ರ ನಸುಕಿಗೆ ಇಳಿಸಿದರು.

ಶನಿವಾರ ರಾತ್ರಿ ಹತ್ತಿದವರು ಸೋಮವಾರ ಇಳಿದರು. ಭಾನುವಾರ ಎಲ್ಲಿ ಹೋಯ್ತು? ಗಡಿಯಾರ ನುಂಗಿತು. ಹೋಗುವಾಗ ಇದರ ಉಲ್ಟಾ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟರೆ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಮ್ಯಾಟಿನಿ ಶುರುವಾದಾಗ ಹತ್ತಿ, ಬಿಟ್ಟಾಗ ಇಳಿದಂಗೆ! ಸೀಟಿನಲ್ಲಿ ಕೂತ ಬೆನ್ನಿಗೆ ಕೇಳಿ, ಎರಡು ಗಂಟೆ ನಲವತ್ತು ನಿಮಿಷದ ಆರು ಸಿನಿಮಾ ಮುಗಿದಿರುತ್ತೆ.

ಈ ಲೆಕ್ಕ ತಮಾಷೆಗಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ ದೊಡ್ಡ ಮಗ ಕ್ಯಾಲಿಫೋರ್ನಿಯಾದಲ್ಲಿದ್ದ. “ಹದಿನೇಳು ಗಂಟೆ ತಾನೆ, ಕಾಯೋಣ” ಅಂದರು ನೆಂಟರು. ಅದು ನೇರ ವಿಮಾನ ಗಾಳಿಯಲ್ಲಿರುವ ಲೆಕ್ಕ ಮಾತ್ರ. ಅವನಿಗೆ ನೇರ ಟಿಕೆಟ್ ಸಿಗಲಿಲ್ಲ. ಸಿಕ್ಕ ಟಿಕೆಟ್‌ಗೂ ಅರ್ಧ ದಿನ ಕಾದ. ಮೂರು ಗಂಟೆ ಮೊದಲೇ ಏರ್‌ಪೋರ್ಟ್ ಸೇರಬೇಕು, ನಡುದಾರಿಯಲ್ಲಿ ವಿಮಾನ ಬದಲಿಸಿ ಕಾಯಬೇಕು, ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಆಮೇಲೆ ದೇವನಹಳ್ಳಿಯಿಂದ ಮನೆಗೆ ಟ್ಯಾಕ್ಸಿ. ಇತ್ತ ಐಸ್ ಪೆಟ್ಟಿಗೆಯ ಪಕ್ಕ ಕೂತ ತಾಯಿ ಯಾರು ಕೇಳಿದರೂ “ಹೊರಟಿದಾನೆ, ಬರ್ತಾನೆ” ಅಂತಿದ್ದರು. ಎರಡನೇ ದಿನ ಮಧ್ಯಾಹ್ನಕ್ಕೆ ಹಿರಿಯರು ತಡೆಯಲಿಲ್ಲ.

ಸಿನಿಮಾ ಆಗಿದ್ದರೆ ಕೊಳ್ಳಿ ಇಡೋ ಹೊತ್ತಿಗೆ “ಅಪ್ಪಾ!” ಅಂತ ಓಡಿ ಬರ್ತಿದ್ದ. ಇಲ್ಲಿ ತಮ್ಮನ ಕೈಲೇ ಕಾರ್ಯ ಮಾಡಿಸಿದರು. ಅಣ್ಣ ಟ್ಯಾಕ್ಸಿ ಇಳಿದಾಗ ಅಂಗಳ ತೊಳೆದಾಗಿತ್ತು.