ಬೆಲೆ, ಬಾಡಿಗೆ ಮತ್ತು ಐರ್ಲೆಂಡಿನ ಕನ್ನಡಿಗ

ಐರ್ಲೆಂಡಿನಲ್ಲಿ ನಾಲ್ವರು ಕನ್ನಡಿಗರು ಸೇರಿದರೆ ಮಳೆಯ ಮಾತು ಮುಗಿದೊಡನೆ ಮನೆಯ ಮಾತು ಆರಂಭವಾಗುತ್ತದೆ. ಆ ಮಾತಿನಲ್ಲಿ ನಾನು ಪದೇ ಪದೇ ಕೇಳುವ ಲೆಕ್ಕವೊಂದಿದೆ: ಮನೆಯ ಬೆಲೆಯನ್ನು ವರ್ಷದ ಬಾಡಿಗೆಯಿಂದ ಭಾಗಿಸುವುದು. ಉತ್ತರ ಹದಿನೈದಕ್ಕಿಂತ ಕಡಿಮೆಯಿದ್ದರೆ ಕೊಳ್ಳುವುದು ಲೇಸು, ಇಪ್ಪತ್ತನ್ನು ದಾಟಿದರೆ ಬಾಡಿಗೆಗಿರುವುದೇ ಲೇಸು ಎಂಬುದು ರೂಢಿಯ ಸೂತ್ರ. ಇದನ್ನೇ ದಿಕ್ಸೂಚಿಯಾಗಿಸಿಕೊಂಡು, ಬಾಡಿಗೆಗೆ ಕೊಡಲೆಂದು ದೂರದ ಕೌಂಟಿಗಳಲ್ಲಿ ಅಗ್ಗದ ಮನೆ ಹುಡುಕುವವರೂ ಇದ್ದಾರೆ. ಅವರಿಗೆ ನನ್ನದೊಂದು ಎಚ್ಚರಿಕೆಯ ಮಾತಿದೆ.

ಈ ಗಣಿತ ನಮಗೆ ಹೊಸತಲ್ಲ. ಬೆಂಗಳೂರಿನಲ್ಲಿ ಇಡಿಗಂಟು ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುವವರು ಆ ಗಂಟಿಗೆ ಬರಬಹುದಾದ ಬಡ್ಡಿಯನ್ನು ಬಾಡಿಗೆಯೊಂದಿಗೆ ತೂಗಿ ನೋಡುವುದಿಲ್ಲವೇ? ಇದೂ ಅಂಥದೇ ತೂಕ. ಉದಾಹರಣೆಗೆ, 6 ಲಕ್ಷ ಯೂರೋ ಬೆಲೆಯ ಮನೆಗೆ ತಿಂಗಳಿಗೆ 2,500 ಯೂರೋ ಬಾಡಿಗೆ ಬಂದರೆ ಅನುಪಾತ 20. ಮೂರು ಲಕ್ಷದ ಮನೆಗೆ 2,000 ಬಂದರೆ 12.5. ಎರಡನೆಯದೇ ಲಾಭಕರವೆಂದು ಕಾಗದ ಹೇಳುತ್ತದೆ.

ಆದರೆ ಕಾಗದ ಹೇಳದ ಸಂಗತಿಗಳಿವೆ. ಮೊದಲನೆಯದು, ಅಗ್ಗಕ್ಕೆ ಕಾರಣವಿರುತ್ತದೆ. 1998ರ ತೆರಿಗೆ ವಿನಾಯಿತಿ ಯೋಜನೆಯಿಂದ ಲೀಟ್ರಿಮ್, ಲಾಂಗ್‌ಫರ್ಡ್ ಮೊದಲಾದ ಕಡೆ ವಾಸಿಸುವವರ ಸಂಖ್ಯೆಗೆ ಮೀರಿ ಮನೆಗಳೆದ್ದವು. 2010ರ ಸರ್ಕಾರಿ ಸಮೀಕ್ಷೆ ದೇಶದಾದ್ಯಂತ 2,846 ಅಪೂರ್ಣ ಬಡಾವಣೆಗಳನ್ನು ಗುರುತಿಸಿತು. ಜನರು ಅವನ್ನು ಭೂತ ಬಡಾವಣೆಗಳೆಂದು ಕರೆದರು. 2007ರಿಂದ 2013ರ ಹೊತ್ತಿಗೆ ದೇಶದ ಮನೆ ಬೆಲೆ ಸುಮಾರು ಅರ್ಧಕ್ಕೆ ಕುಸಿದಿತ್ತು. ಇಂದು ಮನೆಗಳ ಅಭಾವವಿದೆ ನಿಜ. ಆದರೂ ಒಂದೇ ಆಸ್ಪತ್ರೆ ಅಥವಾ ಒಂದೇ ಕಾರ್ಖಾನೆಯನ್ನು ನಂಬಿದ ಊರಿನಲ್ಲಿ ಕಡಿಮೆ ಅನುಪಾತವೆಂಬುದು ಮಾರುಕಟ್ಟೆ ಬರೆದಿಟ್ಟ ಅಪಾಯದ ಸೂಚನೆಯೂ ಆಗಿರಬಹುದು.

ಎರಡನೆಯದು, ಭಾಗಿಸುವ ಅಂಕಿಯೇ ಸಂದಿಗ್ಧ. ಜಾಹೀರಾತಿನಲ್ಲಿ ಕಾಣುವ ಬಾಡಿಗೆ ಬೇರೆ, ಕೈಗೆ ಬರುವ ಬಾಡಿಗೆ ಬೇರೆ. 2016ರ ಡಿಸೆಂಬರಿನಲ್ಲಿ ಕೆಲವು ಪ್ರದೇಶಗಳಿಗೆ ಬಂದ ಬಾಡಿಗೆ ನಿಯಂತ್ರಣ 2025ರ ಜೂನಿನಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಬಾಡಿಗೆದಾರರು ವಾಸವಿರುವ ಮನೆಯನ್ನು ಕೊಂಡವರಿಗೆ ಹಳೆಯ ಬಾಡಿಗೆಯೇ ಬಳುವಳಿ. ಆದುದರಿಂದ ಕೇಳುವ ಬೆಲೆಯನ್ನು ಬಿಟ್ಟು, 2010ರಿಂದಿನ ಮಾರಾಟಗಳನ್ನು ದಾಖಲಿಸುವ ಆಸ್ತಿ ಬೆಲೆ ನೋಂದಣಿಯನ್ನೂ ವಸತಿ ಬಾಡಿಗೆ ಮಂಡಳಿಯ ಅಂಕಿಗಳನ್ನೂ ನೋಡಬೇಕು. ದುರಸ್ತಿ, ವಿಮೆ, ಮನೆ ಖಾಲಿ ಬಿದ್ದ ತಿಂಗಳುಗಳು ಕಳೆದ ಮೇಲೆ ತೆರಿಗೆಯಿದೆ. ಹೆಚ್ಚಿನ ಸಂಬಳದವರ ನಿವ್ವಳ ಬಾಡಿಗೆ ಆದಾಯದಲ್ಲಿ ಅರ್ಧಕ್ಕೂ ಮಿಕ್ಕಿ ಅದಕ್ಕೇ ಹೋಗಬಹುದು. ಊರಿಗೆ ಮರಳಿ, ಮನೆಯನ್ನು ಇಲ್ಲಿ ಬಾಡಿಗೆಗೆ ಬಿಟ್ಟುಹೋದವರಿಗೆ ಬರುವ ಬಾಡಿಗೆಯಲ್ಲಿ ಶೇ 20ರಷ್ಟನ್ನು ಮೊದಲೇ ತಡೆಹಿಡಿಯುವ ನಿಯಮವೂ ಇದೆ.

ಮೂರನೆಯದೇ ನನಗೆ ಮುಖ್ಯ. ಅದೇ ಮೂರು ಲಕ್ಷದ ಮನೆಗೆ 2,70,000 ಯೂರೋ ಸಾಲವನ್ನು ಶೇ 4ರ ಬಡ್ಡಿಯಲ್ಲಿ ಮೂವತ್ತು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 1,290. ಬಾಡಿಗೆದಾರ ಕೊಡುತ್ತಿರುವುದು 2,000! ಕಂತಿಗಿಂತ ಹೆಚ್ಚು ತೆರುವ ಶಕ್ತಿಯಿದ್ದೂ ಆತ ಮನೆ ಕೊಂಡಿಲ್ಲವೇಕೆ? ಮೊದಲ ಮನೆಗೆ ಸಾಲವು ಸಾಮಾನ್ಯವಾಗಿ ವಾರ್ಷಿಕ ಆದಾಯದ ನಾಲ್ಕು ಪಟ್ಟು ಮೀರಬಾರದು, ಶೇ 10ರಷ್ಟು ಸ್ವಂತ ಹಣವಿರಬೇಕು ಎಂಬುದು ಸೆಂಟ್ರಲ್ ಬ್ಯಾಂಕಿನ ನಿಯಮ. ಬಾಡಿಗೆ ಕಟ್ಟಿ ಬರಿದಾದ ಕೈಗೆ ಆ ಹಣವೇ ಕೂಡುವುದಿಲ್ಲ. ಹೊಸದಾಗಿ ಬಂದ ನರ್ಸ್, ವಿದ್ಯಾರ್ಥಿ, ಕಿರಿಯ ಎಂಜಿನಿಯರ್ ಇಂಥವರೇ ಈ ಬಾಡಿಗೆದಾರರು. ಮಾಲೀಕನಿಗೆ ಆಕರ್ಷಕವೆನಿಸುವ ಅನುಪಾತ ನಮ್ಮವರದೇ ಹೊರೆಯ ಅಳತೆ.

ಹಾಗಾದರೆ ಈ ಲೆಕ್ಕ ವ್ಯರ್ಥವೇ? ಅಲ್ಲ. ಅದರ ಸರಿಯಾದ ಉಪಯೋಗ ನಾವು ದುಡಿಯುವ, ಮಕ್ಕಳು ಓದುವ ಊರಿನಲ್ಲಿದೆ. ಅಲ್ಲಿ ಅನುಪಾತ ಕಡಿಮೆಯಿದ್ದರೆ ವಾಸಕ್ಕೊಂದು ಮನೆ ಕೊಳ್ಳುವುದೇ ವಿವೇಕ. ಆಗ ಉಳಿಯುವ ಬಾಡಿಗೆಯೇ ಲಾಭ. ಅದರ ಮೇಲೆ ಆದಾಯ ತೆರಿಗೆಯೂ ಇಲ್ಲ. ಬಾಡಿಗೆಗೆ ಕೊಡಲು ಕೊಳ್ಳುವವರು ಶೇ 30ರಷ್ಟು, ಅಂದರೆ ಅದೇ ಮನೆಗೆ 90,000 ಯೂರೋ, ಕೈಯಿಂದ ಹಾಕಬೇಕು. ಅಷ್ಟು ಹಣ ಹೂಡುವ ಮೊದಲು ಒಂದು ದಿನವಾದರೂ ಆ ಊರಿನಲ್ಲಿ ತಿರುಗಾಡಿ, ಅಲ್ಲಿ ಯಾರು ಯಾವ ದುಡಿಮೆಯಿಂದ ಬಾಡಿಗೆ ಕಟ್ಟುತ್ತಿದ್ದಾರೆಂದು ಕೇಳಿ ತಿಳಿಯಲಿ. ಆ ಉತ್ತರ ಯಾವ ಭಾಗಾಕಾರದಲ್ಲೂ ದೊರೆಯದು.